ಹದಿನಾಲ್ಕನೆಯ ರೋಜಾ

ಮೊದಲು ಕೆಟ್ಟದ್ದು ಮಾತು.

ಶಾಲೆ ಬಿಟ್ಟು ಗೇಟು ದಾಟುತ್ತಿದ್ದೆ. ಫೋನ್ ಬಂತು. ನಮ್ಮವರದೇ ನಂಬರ್. "ಅವ್ವಾ, ಹತ್ತಿ ಬಿಸಲಿಗಿ ಹಾಕಿದ್ಯೇನ?" ಅಂದರು. ಧ್ವನಿ ಅವರದೇ, ಆದರೆ ಬಾಯಲ್ಲಿ ಏನೋ ತುಂಬಿಕೊಂಡು ಮಾತಾಡಿದ ಹಾಗಿತ್ತು. ಅವರ ಅವ್ವ, ಅಂದರೆ ನನ್ನ ಅತ್ತೆ, ತೀರಿಕೊಂಡು ಒಂಬತ್ತು ವರ್ಷವಾಗಿದೆ.

"ರೀ, ನಾನ್ರಿ, ಬೀಬಿಜಾನ," ಅಂದೆ. ಆ ಕಡೆ ಏನೋ ಬಿದ್ದ ಸದ್ದಾಯಿತು. ಫೋನ್ ಕಟ್ಟಾಯಿತು.

ಅದು ರಂಜಾನಿನ ಹದಿನಾಲ್ಕನೆಯ ರೋಜಾ. ಹೊತ್ತು ನಾಲ್ಕೂವರೆ. ಉಪವಾಸ ಬಿಡುವ ಇಫ್ತಾರಕ್ಕೆ ಇನ್ನೂ ಎರಡು ತಾಸು ಇತ್ತು. ಈ ಎರಡು ತಾಸಿನ ಲೆಕ್ಕವನ್ನು ಅವತ್ತು ಎಲ್ಲರೂ ಹಾಕಿದರು, ಅದಕ್ಕೇ ಹೇಳುತ್ತಿದ್ದೇನೆ.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ ಹೊಲಿಯುವುದು ತಲೆತಲಾಂತರದ ಕಸುಬು. ಮನೆಯಲ್ಲಿ ಆಡುವುದು ಕನ್ನಡ, ನಮಾಜಿಗೆ ಮಾತ್ರ ಅರಬ್ಬಿ. ನಮ್ಮವರು ದಾವಲಸಾಬರಿಗೆ ಗೋಕುಲ ರಸ್ತೆಯಲ್ಲಿ ಗಾದಿ ಅಂಗಡಿ ಇದೆ. ವಯಸ್ಸು ಐವತ್ತಾರು. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಕನ್ನಡ ಟೀಚರ್. ಮಗಳು ಶಮೀಮ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಾಳೆ, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಇಷ್ಟೇ ನಾವು. ನಮ್ಮವರಿಗೆ ಹನ್ನೆರಡು ವರ್ಷದಿಂದ ಶುಗರ್. ಹೋದ ವರ್ಷದಿಂದ ಇನ್ಸುಲಿನ್.

ಆಟೋದವನಿಗೆ ಎರಡು ಸಲ ಕೂಗಿದೆ, ಲಗೂ ಹೊಡಿಯಪ್ಪಾ ಎಂದು. ಅಂಗಡಿ ಮುಂದೆ ಹತ್ತು ಹನ್ನೆರಡು ಜನ. ನಮ್ಮವರು ಹತ್ತಿಯ ಗುಡ್ಡೆಗೆ ಒರಗಿ ಕುಳಿತಿದ್ದರು. ಅಂಗಿಯೆಲ್ಲ ತೊಯ್ದು ಮೈಗೆ ಅಂಟಿತ್ತು. ಗಡ್ಡದ ತುಂಬ ಹತ್ತಿ. ಕಣ್ಣು ತೆರೆದೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡಿದ್ದರು.

ಪಕ್ಕದಲ್ಲಿ ನಮ್ಮ ಭಾವನವರು, ಅಂದರೆ ಅವರ ಅಣ್ಣ, ರಟ್ಟಿನಿಂದ ಗಾಳಿ ಹಾಕುತ್ತಿದ್ದರು. ಆ ಕಡೆ ಫಕೀರಪ್ಪ ಚಹಾದ ಲೋಟ ಹಿಡಿದು ನಿಂತಿದ್ದ. ಫಕೀರಪ್ಪ ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಗಾದಿ ಹೊಲಿಯುವವನು. ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು. ಮೇಲೆ ಕೆನೆ ಕಟ್ಟಿತ್ತು.

"ಎಷ್ಟೊತ್ತಾತು ಹಿಂಗಾಗಿ?"

"ಅರ್ಧ ತಾಸ ಆತ್ರಿ ಟೀಚರ. ಚಹಾ ತಂದೇನಿ. ಕುಡಿಸಾಕ..." ಫಕೀರಪ್ಪ ಭಾವನವರ ಮುಖ ನೋಡಿದ.

"ರೋಜಾ ಮುರೀತೈತಿ," ಅಂದರು ಭಾವನವರು. "ಇನ್ನೇನ ಎರಡು ತಾಸ ಉಳದೈತಿ. ನಿಶ್ಶಕ್ತಿ ಅದು. ತಡಕೋತಾನ ಅವಾ. ಗಟ್ಟಿ ಮನಷ್ಯಾ."

ನನ್ನ ಬ್ಯಾಗಿನಲ್ಲಿ ಚಾಕೊಲೇಟ್ ಇತ್ತು. ನಾಲ್ಕನೆಯ ಈಯತ್ತೆಯ ಹುಡುಗಿಯೊಬ್ಬಳು ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಕೈಗೆ ತೆಗೆದುಕೊಂಡೆ. ಕಾಗದ ಬಿಚ್ಚಿದೆ.

ಆಮೇಲೆ ನಾನೂ ಗೋಡೆಯ ಗಡಿಯಾರ ನೋಡಿದೆ.

ಎಷ್ಟು ಹೊತ್ತು? ಹತ್ತು ಸೆಕೆಂಡು ಇರಬಹುದು. ಇಪ್ಪತ್ತೂ ಇರಬಹುದು. ಮಕ್ಕಳಿಗೆ ವಿಜ್ಞಾನದ ಪಾಠವನ್ನೂ ಹೇಳುವ ಹೆಂಗಸು ನಾನು. ಗ್ಲೂಕೋಸು ಎಂದರೇನು ಎಂದು ಬೋರ್ಡಿನ ಮೇಲೆ ಬರೆಯುವವಳು. ಗಂಡ ಕಣ್ಣೆದುರು ಹೋಗುತ್ತಿರುವಾಗ ಅವರ ರೋಜಾ ನನ್ನ ಕೈಯಿಂದ ಮುರಿಯುವುದೇ ಎಂದು ಹಿಂದೆ ಮುಂದೆ ನೋಡಿದೆ. ಬೇರೆಯವರ ಮೇಲೆ ನನಗಿರುವ ಸಿಟ್ಟು ನೂರು ಪಾಲಾದರೆ ನನ್ನ ಮೇಲೆ ಇನ್ನೂರು.

ಅವರ ಬಾಯಿ ತೆರೆಸಲು ಹೋದೆ. ಅಷ್ಟರಲ್ಲಿ ಫಿಟ್ಸ್ ಬಂತು.

ಫಕೀರಪ್ಪನೇ ಹೊತ್ತು ಆಟೋದಲ್ಲಿ ಹಾಕಿದ. ಅವನೂ ಹತ್ತಿದ. ದಾರಿಯುದ್ದಕ್ಕೂ ಅಳುತ್ತಿದ್ದ. "ನಾ ಕುಡಿಸಿದ್ರ ಬ್ಯಾರೆ ಜಾತ್ಯಾವ ಬಂದು ರೋಜಾ ಕೆಡಿಸಿದಾ ಅಂತಾರ ಅಂತ ಅಂಜಿದ್ನಿ ಟೀಚರ. ಅಂಜಬಾರದಿತ್ತು," ಅನ್ನುತ್ತಿದ್ದ. ಇಡೀ ಗುಂಪಿನಲ್ಲಿ ಸಕ್ಕರೆ ಹಾಕಿದ ಚಹಾ ತಂದವನು ಅವನೊಬ್ಬನೇ. ಇವತ್ತಿಗೂ ಅವನ ಮೇಲೆ ನನಗೆ ಸಿಟ್ಟಿಲ್ಲ.

ಎಮರ್ಜೆನ್ಸಿಯಲ್ಲಿ ನರ್ಸ್ ಬೆರಳು ಚುಚ್ಚಿದಳು. ಮೀಟರ್ ನೋಡಿ ಡಾಕ್ಟರನ್ನು ಕೂಗಿದಳು.

"ಇಪ್ಪತ್ತೊಂಬತ್ತು!" ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ ಶುಗರ್ ಅದು.

ಆಮೇಲೆ ಏನೇನು ನಡೆಯಿತು ಎಂಬುದು ನನಗೆ ತುಂಡು ತುಂಡಾಗಿ ನೆನಪಿದೆ. ನರಕ್ಕೆ ಸಕ್ಕರೆ ನೀರು, ಡೆಕ್ಸ್‌ಟ್ರೋಸ್. ಇನ್ನೊಂದು ಡೆಕ್ಸ್‌ಟ್ರೋಸ್. ಸಿ.ಟಿ. ಸ್ಕ್ಯಾನ್. ನನ್ನ ಸಹಿ. ಐ.ಸಿ.ಯು. ಬಾಗಿಲು. ಶಮೀಮ ಧಾರವಾಡದಿಂದ ಬಂದಾಗ ನಾನು ಇನ್ನೂ ಚಾಕೊಲೇಟ್ ಹಿಡಿದೇ ಕುಳಿತಿದ್ದೆನಂತೆ. ಅವಳೇ ಬೆರಳು ಬಿಡಿಸಿ ತೆಗೆದಳಂತೆ. ಎಲ್ಲೋ ಅಜಾನ್ ಆಯಿತು. ನಮ್ಮ ಪಕ್ಕ ಕುಳಿತಿದ್ದ ಹೆಂಗಸೊಬ್ಬಳು, ಹಣೆಯ ತುಂಬ ವಿಭೂತಿ, ತನ್ನ ಬಾಟಲಿ ಚಾಚಿ "ರೋಜಾ ಬಿಡ್ರೆವ್ವಾ, ಹೊತ್ತಾತು," ಅಂದಳು. ಅವಳ ನೀರಿನಿಂದಲೇ ಬಿಟ್ಟೆ.

ಮರುದಿನ ಮಧ್ಯಾಹ್ನ ಅವರಿಗೆ ಎಚ್ಚರವಾಯಿತು. ಬಲಗೈ ಎತ್ತಲು ಬರಲಿಲ್ಲ.

ಹನ್ನೆರಡು ವರ್ಷದಿಂದ ನೋಡುತ್ತಿರುವ ನಮ್ಮ ಡಾಕ್ಟರ್ ಬಂದರು. ಮೃದು ಮಾತಿನ ಮನುಷ್ಯ. ಅವತ್ತು ಮೃದುವಾಗಿರಲಿಲ್ಲ.

"ಶುಗರ್ ಬರೆದಿಟ್ಟ ವಹಿ ತೋರಸ್ರಿ ಟೀಚರ್."

ವಹಿ ತರಿಸಿದೆ. ರಂಜಾನಿನ ಹಿಂದಿನ ದಿನದವರೆಗೆ ದಿನಕ್ಕೆರಡು ಸಲ ಬರೆದಿತ್ತು. ಆಮೇಲೆ ಹದಿನಾಲ್ಕು ದಿನ ಖಾಲಿ. ಅವರೇ ನೋಡಿಕೊಳ್ಳುತ್ತಿದ್ದರು, ಅವರೇ ಬರೆಯುತ್ತಿದ್ದರು. ರೋಜಾ ಹಿಡಿದ ದಿನದಿಂದ ನಮ್ಮಿಬ್ಬರಿಗೆ ಜಗಳ. ಹೀಗಾಗಿ ನಾನು ಕೇಳುವುದನ್ನೇ ಬಿಟ್ಟಿದ್ದೆ.

"ಯಾಕ್ರಿ ಚೆಕ್ ಮಾಡಿಲ್ಲ?" ಡಾಕ್ಟರ್ ಹಾಸಿಗೆಯತ್ತ ಬಾಗಿ ಕೇಳಿದರು.

ನಮ್ಮವರ ನಾಲಿಗೆ ಇನ್ನೂ ದಪ್ಪಗಿತ್ತು. "ರಕ್ತಾ ತಗದ್ರ... ರೋಜಾ ಮುರೀತೈತಿ... ಅಂತ."

"ಯಾರ್ ಹೇಳಿದ್ರು?"

"ಅಣ್ಣ."

"ಇನ್ಸುಲಿನ್?"

"ಸಹರಿಗಿ ತಗೋತಿದ್ನಿ. ದಿನಾ ಮುಂಜೇಲಿ ತಗೊಳ್ಳೋವಷ್ಟೇ."

ನಸುಕಿನ ಸಹರಿಯಲ್ಲಿ ಅವರು ತಿನ್ನುತ್ತಿದ್ದದ್ದು ಮೂರು ಖರ್ಜೂರ, ಅರ್ಧ ರೊಟ್ಟಿ. ಕಡಿಮೆ ತಿಂದು ಹಿಡಿದ ರೋಜಾಕ್ಕೆ ಹೆಚ್ಚು ಬೆಲೆ ಎಂಬುದು ಅವರ ಲೆಕ್ಕ. ಡಾಕ್ಟರ್ ತಲೆ ಹಿಡಿದುಕೊಂಡರು. "ನಾ ರೋಜಾ ಬ್ಯಾಡ ಅಂದಾಗ ಆತ್ರಿ ಅಂದ್ರಲ್ಲ ಸಾಹೇಬ್ರ? ಇಲ್ಲಾ ನಾ ಹಿಡೀತೇನಿ ಅಂದಿದ್ರ ಡೋಸರೆ ಕಡಿಮಿ ಮಾಡಿಕೊಡತಿದ್ನಲ್ರಿ. ಮಿದುಳಿಗೆ ಅರ್ಧ ತಾಸ ಸಕ್ಕರಿ ಸಿಕ್ಕಿಲ್ಲ. ಎಚ್ಚರ ಇದ್ದಾಗ ಯಾರರೆ ಒಂದ್ ಚಮಚ ಬಾಯಾಗ ಹಾಕಿದ್ರ ಸಾಕಿತ್ತು."

ಒಂದು ಚಮಚ. ಆ ಮಾತು ಕೇಳಿ ನಾನು ಹೊರಗೆ ಬಂದೆ.

ಫೆಬ್ರವರಿಯಲ್ಲಿ ಇದೇ ಡಾಕ್ಟರ್ ಮುಂದೆ ಇವರು "ಆತ್ರಿ" ಅಂದದ್ದು ಖರೆ. ಮೆಟ್ಟಿಲು ಇಳಿಯುವಾಗಲೇ "ಅವರಿಗೆ ನಮ್ದೇನ ಗೊತ್ತೈತಿ" ಅಂದದ್ದೂ ಖರೆ. ಹತ್ತನೆಯ ವಯಸ್ಸಿನಿಂದ ಒಂದೂ ರೋಜಾ ತಪ್ಪಿಸಿದವರಲ್ಲ. ಓಣಿಯಲ್ಲಿ ಅದು ಎಲ್ಲರಿಗೂ ಗೊತ್ತು. ಟೈಫಾಯ್ಡ್ ಬಂದ ವರ್ಷವೂ ಬಿಟ್ಟಿರಲಿಲ್ಲ ಎಂದು ಭಾವನವರು ಮದುವೆ ಮನೆಯಲ್ಲಿ ಹೇಳುತ್ತಾರೆ, ಸಾವಾದ ಮಯ್ಯತ್ತಿನ ಮನೆಯಲ್ಲೂ ಹೇಳುತ್ತಾರೆ. ಆಗ ಇವರ ಮುಖ ನೋಡಬೇಕು. ತಲೆ ತಗ್ಗಿಸಿ, ಕಿವಿಯಿಂದ ಪೂರ್ತಿ ಕುಡಿಯುತ್ತಿರುತ್ತಾರೆ.

ಈ ರಂಜಾನಿನ ಮೊದಲ ಸಹರಿಯಲ್ಲಿ ನಾನು ತಟ್ಟೆ ಕಸಿದುಕೊಂಡು ಜಗಳ ತೆಗೆದಿದ್ದೆ. ಇವರು ನಕ್ಕರು. "ಮೊಹಬ್ಬತ್ ಇದ್ದಲ್ಲಿ ಹಸಿವು ಎಲ್ಲಿ ಉಳೀತೈತಿ, ಬೀಬೀ? ನಾ ಅಲ್ಲಾನ ಮ್ಯಾಲಿನ ಪ್ರೀತಿಗಿ ಹಿಡಿಯಾಂವ. ಡಾಕ್ಟರಿಗೆ ಅಂಜಿ ಬಿಡ್ಲೇನು?" ಅಂದರು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ಪ್ರೀತಿ ಎಂಬ ಪದವನ್ನು ಬಾಯಲ್ಲಿ ಆಡಿದ್ದು ಅದೇ ಮೊದಲು. ನನ್ನ ಕುರಿತಾಗಿ ಅಲ್ಲ ಅನ್ನುವುದು ಬೇರೆ ಮಾತು. ಆದರೂ ಕರಗಿದೆ. ತಟ್ಟೆ ಮುಂದಿಟ್ಟೆ.

ಮೂರನೆಯ ದಿನ ಭಾವನವರು ಆಸ್ಪತ್ರೆಗೆ ಬಂದರು. ಖರ್ಜೂರದ ಡಬ್ಬಿ ತಂದಿದ್ದರು. ಕಾರಿಡಾರಿನ ಬೆಂಚಿನ ಮೇಲೆ ಕುಳಿತು, ಕಣ್ಣು ಒರೆಸಿಕೊಂಡು, ಸಮಾಧಾನ ಹೇಳಲು ಶುರು ಮಾಡಿದರು.

"ಇದು ಇಮ್ತಿಹಾನ, ಬೀಬಿಜಾನ. ಪರೀಕ್ಷಾ. ನನ್ನ ತಮ್ಮ ತನ್ನ ನಫ್ಸ್ ಜೋಡಿ ಜಿಹಾದ್ ಮಾಡ್ಯಾನ. ಎಲ್ಲಕ್ಕಿಂತ ದೊಡ್ಡ ಜಿಹಾದ್ ಅದು. ನೀ ಸಬರ್ ಮಾಡು, ತಾಳ್ಕೋ."

ಜಿಹಾದ್ ಎಂಬ ಪದ ಬಿದ್ದ ಕೂಡಲೇ ಎದುರಿನ ಬೆಂಚಿನ ಇಬ್ಬರು ತಿರುಗಿ ನೋಡಿದರು. ಸೆಕ್ಯೂರಿಟಿಯವನೂ ನೋಡಿದ. ನನಗೆ ಅವರ ಮೇಲೂ ಮೈ ಉರಿಯಿತು. ಇಲ್ಲಿ ಒಬ್ಬ ಮುದುಕ ತಮ್ಮನ ಹಸಿವಿನ ಬಗ್ಗೆ ಮಾತಾಡುತ್ತಿದ್ದಾನೆ, ಅವರಿಗೆ ಕೇಳಿಸಿದ್ದು ಟಿ.ವಿ.ಯಲ್ಲಿ ಕಿರುಚುವ ಜಿಹಾದ್. ನನ್ನ ಅಪ್ಪ ಓದಲು ಬರೆಯಲು ಬಾರದವನು. ಹತ್ತಿ ಹಿಂಜುತ್ತ ಹೇಳುತ್ತಿದ್ದ: ಮನುಷ್ಯನ ಒಳಗೆ ನಫ್ಸ್ ಅಂತ ಒಂದು ಇರುತ್ತದೆ, ನನಗೆ ಬೇಕು, ನಂದೇ ನಡೀಬೇಕು ಅನ್ನುವಂಥದ್ದು. ಅದರ ಜೋಡಿ ದಿನಾ ಗುದ್ದಾಡಬೇಕು, ಜಿಹಾದ್ ಅಂದರೆ ಅದು. ಸಿಟ್ಟು ಬಂದಾಗ ಬಾಯಿ ಮುಚ್ಚುವುದು, ತೂಕದಲ್ಲಿ ಹತ್ತಿ ಕದಿಯದಿರುವುದು, ಮನಸ್ಸಿಲ್ಲದಿದ್ದರೂ ಮಲಗಿದಲ್ಲಿಂದ ಎದ್ದು ನಮಾಜಿಗೆ ನಿಲ್ಲುವುದು. ಇಂಥ ಒಳ್ಳೆಯ ಪದವನ್ನು ಟಿ.ವಿ.ಯವರು ಒಂದು ರೀತಿ ಕೆಡಿಸಿದರು. ನಮ್ಮ ಭಾವನವರಂಥವರು ಇನ್ನೊಂದು ರೀತಿ ಕೆಡಿಸಿದರು.

ಭಾವನವರ ಮುಂದೆ ನಾನು ಇವತ್ತಿನವರೆಗೆ ಧ್ವನಿ ಎತ್ತಿದವಳಲ್ಲ. ಸೆರಗು ಸರಿ ಮಾಡಿಕೊಂಡೆ. ಆಮೇಲೆ ಎತ್ತಿದೆ.

"ನಫ್ಸ್ ಜೋಡಿ ಅಲ್ರಿ ಭಾವನವರ, ನಿಮ್ಮ ತಮ್ಮ ಮಿದುಳ ಜೋಡಿ ಜಿಹಾದ್ ಮಾಡ್ಯಾರ. ಕೈ ಹೋಗೇತಿ ನೋಡ್ರಿ. ಗಾದಿ ಹೊಲಿಯೋ ಕೈ. ರಕ್ತಾ ತಗದ್ರ ರೋಜಾ ಮುರೀತೈತಿ ಅಂತ ನಿಮಗ ಯಾವ ಕಿತಾಬಿನ್ಯಾಗ ಸಿಕ್ತು? ಚಹಾ ತಂದಾವ್ನ ಕೈ ಯಾಕ ತಡದ್ರಿ? ಸಬರ್ ಅಂತ ಸಬರ್! ಸಬರ್ ಮಾಡ್ಕೋತ ಎಲ್ಲಾರೂ ನಿಂತು ನೋಡಿದ್ರಿ."

ಅವರು ಎದ್ದು ಹೋದರು. ಖರ್ಜೂರದ ಡಬ್ಬಿ ಬೆಂಚಿನ ಮೇಲೇ ಉಳಿಯಿತು. ಶಮೀಮ ಅಂದಳು, "ಅವ್ವಾ, ದೊಡ್ಡಪ್ಪಗ ಭಾಳ ಅಂದಿ." ಅಂದದ್ದು ಕಡಿಮೆಯೇ ಆಯಿತು ಎಂದು ನನಗನಿಸಿತು. ನನ್ನ ಗಡಿಯಾರದ ವಿಷಯ ಮಾತ್ರ ಅವಳಿಗೆ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ.

ಇಪ್ಪತ್ತನೆಯ ರೋಜಾದ ದಿನ ಡಿಸ್ಚಾರ್ಜ್ ಆಯಿತು. ಮಾತು ಪೂರ್ತಿ ಬಂದಿತ್ತು. ನಡಿಗೆ ಸರಿಯಾಗಿತ್ತು. ಬಲಗೈ ಮಾತ್ರ ಮೊಣಕೈವರೆಗೆ ಬರುತ್ತಿತ್ತು, ಬೆರಳು ಮುಚ್ಚುತ್ತಿರಲಿಲ್ಲ. ಫಿಜಿಯೋಥೆರಪಿ ಹುಡುಗಿ ಸ್ಪಂಜಿನ ಚೆಂಡು ಕೊಟ್ಟು ಹಿಚುಕಿರಿ ಎಂದಿದ್ದಳು. ಸಣ್ಣ ಮಗುವಿನ ಆಟಿಕೆಯಂಥ ಹಳದಿ ಚೆಂಡು. ನಲವತ್ತು ವರ್ಷ ದಬ್ಬಣ ಹಿಡಿದು ಮೂರು ಪದರ ಗಾದಿಯನ್ನು ದಾಟಿಸಿದ ಕೈ ಅದನ್ನು ಅಲುಗಿಸಲೂ ಆಗದೆ ಬಿದ್ದಿರುತ್ತಿತ್ತು. ಕೈ ಬರಬಹುದು ಅಂದರು ಡಾಕ್ಟರ್. ಇನ್ನೊಮ್ಮೆ ಹೀಗಾದರೆ ಕೈಯಲ್ಲ, ಮನುಷ್ಯನೇ ಉಳಿಯುವುದಿಲ್ಲ ಅಂದರು. ನನ್ನ ಮುಂದೆ, ಅವರ ಮುಂದೆ, ಒಡೆದು ಹೇಳಿದರು.

ಮನೆಗೆ ಬಂದು ಗಾದಿಯ ಮೇಲೆ ಕೂತು ನಮ್ಮವರು ಆಡಿದ ಮೊದಲ ಮಾತು: "ನಾಳಿಂದ ಆಖ್ರಿ ಹತ್ತು ರೋಜಾ. ಅವನ್ನರೆ ಹಿಡೀತೇನಿ."

ನಾನು ಕೈಯಲ್ಲಿದ್ದ ಔಷಧಿಯ ಚೀಲ ಕೆಳಗಿಟ್ಟೆ.

ಅಳಲಿಲ್ಲ. ಅಳುವಷ್ಟು ನೀರು ನನ್ನಲ್ಲಿ ಉಳಿದಿರಲಿಲ್ಲ. "ಪೇಶಇಮಾಮರನ್ನ ಕರೀರಿ. ಅವರ ಬಾಯಿಂದ ಕೇಳ್ರಿ," ಅಂದೆ. ಅದಕ್ಕೆ ಒಪ್ಪಿದರು. ಇಮಾಮರು ಅಪ್ಪಣೆ ಕೊಡುತ್ತಾರೆ, ದುವಾ ಮಾಡಿ ಹಿಡಿ ಅನ್ನುತ್ತಾರೆ ಎಂದು ಅವರ ಆಸೆ ಇತ್ತೆಂದು ಕಾಣುತ್ತದೆ.

ನಮ್ಮ ಮಸೀದಿಯ ಇಮಾಮರು ಹಾವೇರಿ ಕಡೆಯ ತರುಣ. ಶಮೀಮಳಿಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದರು. ನನಗೆ ಒಳಗೊಳಗೇ ಹೆದರಿಕೆ. ಇವರೂ ಸಬರ್ ಅಂದರೆ ನಾನು ಇವರನ್ನೂ ಬಯ್ಯುವವಳೇ ಇದ್ದೆ. ಅವರು ಆಸ್ಪತ್ರೆಯ ಕಾಗದವನ್ನು ಪೂರ್ತಿ ಓದಿದರು. ಕೈ ಮುಟ್ಟಿ ನೋಡಿದರು. ಆಮೇಲೆ ಕೇಳಿದರು:

"ಕಾಕಾ, ರೋಗಿಗೆ ಬಿಡುವು ಕೊಟ್ಟಾಂವ ಯಾರು?"

"ಅಲ್ಲಾ."

"ಉಪವಾಸ ಇಡು ಅಂದಾಂವ?"

"ಅವನ."

"ಅಂದ್ರ ಅವನ ಒಂದು ಮಾತು ಕೇಳ್ತೀರಿ, ಇನ್ನೊಂದ ಮಾತು ಕೇಳಂಗಿಲ್ಲ. ಪ್ರೀತಿಗಿ ಹಿಡೀತೇನಿ ಅಂತೀರಿ. ಪ್ರೀತಿ ಮಾಡಾಂವ ತಾನಾಗಿ, ನಿನಗ ಆರಾಮಿಲ್ಲ, ಉಣ್ಣು ಅಂದಾಗ ನಾ ಒಲ್ಲೆ ಅನ್ನೋದು ಪ್ರೀತಿ ಆಗತೈತೇನ್ರಿ, ಸೊಕ್ಕು ಆಗತೈತೇನ್ರಿ?"

ನಮ್ಮವರು ಚೆಂಡನ್ನು ನೋಡುತ್ತ ಕುಳಿತರು. "ನಫ್ಸ್ ಜೋಡಿ ಜಿಹಾದ್..." ಎಂದು ಏನೋ ಅನ್ನಲು ಹೋದರು.

"ಹೊಟ್ಟಿ ಹಸಿವಷ್ಟ ನಫ್ಸ್ ಅಲ್ಲ, ಕಾಕಾ. ಹೆಸರಿನ ಹಸಿವೂ ನಫ್ಸ್. ಹಂಗ ನೋಡಿದ್ರ ನಿಮಗ ಉಪವಾಸ ಸಲೀಸು. ನಲವತ್ತಾರು ವರ್ಷದ ರೂಢಿ. ನಾಕ ಮಂದಿ ನೋಡಾಕತ್ತಾಗ ಉಣ್ಣೋದು, ಅದು ತ್ರಾಸ ಐತಿ ನಿಮಗ. ನಿಮ್ಮ ಜಿಹಾದ್ ಅಲ್ಲೈತಿ." ಹೋಗುವ ಮುಂಚೆ ಫಿದ್ಯಾದ ವಿಷಯ ಹೇಳಿದರು. ತಪ್ಪಿದ ಒಂದೊಂದು ರೋಜಾಕ್ಕೆ ಒಬ್ಬೊಬ್ಬ ಬಡವರಿಗೆ ಊಟ ಹಾಕಿದರೆ ಆಯಿತು. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದರೆ ರೋಜಾ ಮುರಿಯುವುದಿಲ್ಲ ಎಂಬುದನ್ನೂ ಹೇಳಿದರು. ಹೊಸ್ತಿಲ ಬಳಿ ನನ್ನತ್ತ ತಿರುಗಿ, ನಿಧಾನವಾಗಿ, "ನಿಮ್ಮ ಸಿಟ್ಟೂ ಸ್ವಲ್ಪ ನೋಡ್ಕೋರಿ ಚಾಚಿ," ಅಂದರು. ಕಾರಿಡಾರಿನ ಸುದ್ದಿ ಮಸೀದಿ ಮುಟ್ಟಿತ್ತು.

ಅವರು ಹೇಳಿದ್ದು ತಪ್ಪಲ್ಲ. ಈ ಹನ್ನೆರಡು ವರ್ಷ ನಾನು ಇವರ ತಟ್ಟೆಗೆ ಪೊಲೀಸಳಾಗಿದ್ದೆ. ಬಾಳೆಹಣ್ಣು ಎಣಿಸುತ್ತಿದ್ದೆ. ಚಹಾದ ಲೋಟ ಮೂಸಿ ನೋಡುತ್ತಿದ್ದೆ. ಪ್ರೀತಿ ಅಂದರೆ ಕಾವಲು ಎಂದೇ ತಿಳಿದಿದ್ದೆ. ಹಾಗಾಗಿ ಇವರು ನನ್ನಿಂದ ಮುಚ್ಚಿಡುವುದನ್ನು ಕಲಿತರು. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಸಿಟ್ಟು ಬಿಡಬೇಕಾದರೆ ಅದಕ್ಕೂ ಒಂದು ಹೊತ್ತು ಬರಬೇಕಲ್ಲ. ಅವತ್ತು ಬರಲಿಲ್ಲ. ಬರುವ ಬದಲು ಇಮ್ಮಡಿಯಾಯಿತು.

ಯಾಕೆಂದರೆ ಇಮಾಮರು ಓಣಿ ತಿರುಗುತ್ತಲೇ ನಮ್ಮವರು ಅಂದರು: "ಈಗೇನು, ಹೆಂಗಸರಗತೆ ಅಡಿಗಿಮನಿ ಬಾಗ್ಲಾ ಹಾಕ್ಕೊಂಡು ಕಳ್ಳಪಳ್ಳ ತಿನ್ನಂತಿಯೇನು ನನಗ?"

ಹೆಂಗಸರಗತೆ.

ಗೊತ್ತಿಲ್ಲದವರಿಗೆ ಹೇಳಬೇಕು. ತಿಂಗಳ ಮುಟ್ಟಿನ ದಿನಗಳಲ್ಲಿ ನಮಗೆ ರೋಜಾ ಇಲ್ಲ. ಹಿಡಿಯಲೇಬಾರದು, ಅದು ಅಲ್ಲಾಹನದೇ ಹುಕುಂ. ಆಮೇಲೆ ಯಾವಾಗಲಾದರೂ ಹಿಡಿದು ತೀರಿಸಿದರಾಯಿತು. ಆದರೆ ಆ ದಿನಗಳಲ್ಲಿ ನಾವು ಉಣ್ಣುವುದನ್ನು ಯಾವ ಗಂಡಸೂ ನೋಡಬಾರದು. ಇದು ಅಲ್ಲಾಹನ ಹುಕುಂ ಅಲ್ಲ. ಯಾರದು ಎಂದು ನನಗೆ ಇವತ್ತಿನವರೆಗೆ ಯಾರೂ ಹೇಳಿಲ್ಲ. ಮದುವೆಯಾಗಿ ಬಂದ ಮೊದಲ ರಂಜಾನಿನಲ್ಲಿ ಅತ್ತೆ ಹೇಳಿಕೊಟ್ಟದ್ದು ಅಡುಗೆಯಲ್ಲ, ಇದು. ಬಾಗಿಲು ಹೇಗೆ ಹಾಕಬೇಕು. ಸಪ್ಪಳವಾಗದಂತೆ ರೊಟ್ಟಿ ಹೇಗೆ ಮುರಿಯಬೇಕು, ಕಟಕಟಿ ರೊಟ್ಟಿಯಾದರೆ ಪಲ್ಯದಲ್ಲಿ ನೆನೆಸಬೇಕು. ಹೆಜ್ಜೆ ಸಪ್ಪಳ ಕೇಳಿದರೆ ತಟ್ಟೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಬೇಕು. ನೀರು ಕುಡಿದ ಮೇಲೆ ತುಟಿ ಒರೆಸಿಕೊಳ್ಳಬೇಕು, ಒಣಗಿದ ತುಟಿಯೇ ಚಂದ. ಸಹರಿಗೆ ಎಲ್ಲರ ಜೊತೆ ಏಳಬೇಕು, ಇಫ್ತಾರಕ್ಕೆ ಎಲ್ಲರ ಜೊತೆ ಖರ್ಜೂರ ಎತ್ತಬೇಕು. ಒಂದು ಸಲ ಮಾವನವರು ಒಳಗೆ ಬಂದಾಗ ಬಾಯಲ್ಲಿದ್ದ ತುತ್ತನ್ನು ಅಗಿಯದೆ ನುಂಗಿ, ಗಂಟಲಲ್ಲಿ ಸಿಕ್ಕು, ಒಲೆಯ ಹೊಗೆ ಎಂದು ಸುಳ್ಳು ಹೇಳಿ ಕೆಮ್ಮಿದ್ದೇನೆ. ಆಗ ನನಗೆ ಇಪ್ಪತ್ಮೂರು ವರ್ಷ.

ಇದನ್ನೆಲ್ಲ ಇವರಿಗೆ ಹೇಳಿದೆ. ನಿಂತು ಹೇಳಿದೆ. ಕೂಗಿದೆ ಎಂದರೂ ತಪ್ಪಿಲ್ಲ.

"ಇಪ್ಪತ್ತೆಂಟು ರಂಜಾನ ಹಂಗ ಕಳ್ಳಪಳ್ಳ ತಿಂದೇನ್ರಿ ನಾ. ನಿಮಗ ಹತ್ತು ದಿನಾ ತಿನ್ನಾಕ ಮರ್ಯಾದಿ ಅಡ್ಡ ಬಂತು. ಅಲ್ಲಾ ನನಗೂ ಬಿಡುವು ಕೊಟ್ಟಿದ್ದಾ, ನಿಮಗೂ ಕೊಟ್ಟಾನ. ಅವಾ ಕೊಟ್ಟದ್ದು ತಗೊಂಡಿದ್ದಕ್ಕ ನಾ ಕಳ್ಳಿ ಆದ್ನಿ. ಅವಾ ಕೊಟ್ಟದ್ದು ಒಲ್ಲೆ ಅಂದಿದ್ದಕ್ಕ ನೀವು ಗಟ್ಟಿ ಮನಷ್ಯಾ ಆದ್ರಿ. ಇದ್ಯಾವ ಸೀಮಿ ನ್ಯಾಯ?"

ಆಮೇಲೆ ತಡೆಯಲಾಗಲಿಲ್ಲ. ಗಡಿಯಾರದ ಮಾತೂ ಬಂತು. "ಅವತ್ತ ಚಾಕಲೇಟ ಕೈಯಾಗ ಹಿಡದು ನಾ ಗಡಿಯಾರ ನೋಡಿದ್ನಿ. ನಿಮ್ಮ ರೋಜಾ ಮುರದ್ರ ನೀವು ನನ್ನ ಮಾರಿ ನೋಡಂಗಿಲ್ಲ ಅಂತ ಅಂಜಿದ್ನಿ. ನಿಮ್ಮ ಜೀವಕ್ಕಿಂತ ನಿಮ್ಮ ಹೆಸರು ದೊಡ್ಡದು ಅಂತ ಈ ಮನ್ಯಾಗ ನನಗೂ ಕಲಿಸಿ ಬಿಟ್ಟೀರಿ."

ಅವರು ನನ್ನನ್ನೇ ನೋಡಿದರು. ಚೆಂಡು ಉರುಳಿ ಕೆಳಗೆ ಬಿತ್ತು. ನಾನು ಎತ್ತಿ ಕೊಡಲಿಲ್ಲ.

ಮರುದಿನ ನಸುಕಿನಲ್ಲಿ ನಾನು ಸಹರಿಗೆ ಎದ್ದಾಗ ಅವರ ಕಣ್ಣು ತೆರೆದಿತ್ತು. ಏಳುತ್ತಾರೇನೋ ಎಂದು ಅಂಜಿದೆ. ಏಳಲಿಲ್ಲ. ಗೋಡೆಯ ಕಡೆ ಹೊರಳಿದರು. ಬೆಳಿಗ್ಗೆ ಎಂಟಕ್ಕೆ ತಾವೇ ಎಡಗೈ ಚಾಚಿ "ಚುಚ್ಚು" ಅಂದರು. ಶುಗರ್ ನೋಡಿದೆ. ಡಾಕ್ಟರ್ ಹೊಸದಾಗಿ ಬರೆದಷ್ಟೇ ಇನ್ಸುಲಿನ್ ಕೊಟ್ಟೆ. ನಾಷ್ಟಾವನ್ನು ಮಲಗುವ ಕೋಣೆಗೇ ಒಯ್ದೆ. ಪರದೆ ಎಳೆ ಅಂದರು, ಎಳೆದೆ. ಪರದೆ ಎಳೆದು ತಿಂದರೂ ತಿಂದರಲ್ಲ, ಅಷ್ಟು ಸಾಕೆನಿಸಿತ್ತು.

ನಾನು ಶಾಲೆಗೆ ರಜೆ ಹಾಕಿದ್ದೆ. ಶಮೀಮಳೂ ಧಾರವಾಡಕ್ಕೆ ಹೋಗದೆ ಮನೆಯಲ್ಲೇ ಇದ್ದಳು. ಮಧ್ಯಾಹ್ನ ಮಲಗುವ ಕೋಣೆಯ ಕಿಟಕಿಗೆ ಓಣಿಯ ಮಕ್ಕಳ ಕಾಟ. ಹೀಗಾಗಿ ನಮ್ಮವರು ಅಡುಗೆಮನೆಗೇ ಬಂದರು. ಹಿಂದಿನ ದಿನ ಯಾವುದನ್ನು ಹೀಯಾಳಿಸಿದ್ದರೋ ಅದೇ ಬಾಗಿಲನ್ನು ತಾವೇ ಮುಂದೆ ಮಾಡಿ, ಮೂಲೆಯ ಮಣೆಯ ಮೇಲೆ ಕುಳಿತರು. ನಾನು ನಗಲಿಲ್ಲ. ನಗು ಬಂದಿತ್ತು, ಖರೆ. ಎರಡು ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಮೊಸರು ಹಾಕಿ ಕೊಟ್ಟೆ. ಎಡಗೈಯಿಂದ ಮುರಿಯಲು ಕಸರತ್ತು ಮಾಡುತ್ತಿದ್ದರು.

ಬಾಗಿಲು ಮೆಲ್ಲಗೆ ಸರಿಯಿತು.

ಶಮೀಮ. ಅಪ್ಪ ಒಳಗಿರುವುದು ಅವಳಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಖಾಲಿ ತಟ್ಟೆ ಇತ್ತು. ಅಪ್ಪನನ್ನು ಕಂಡವಳೇ ತಟ್ಟೆಯನ್ನು ಬೆನ್ನ ಹಿಂದೆ ಒಯ್ದಳು. ಎಷ್ಟು ಚುರುಕಾಗಿ ಒಯ್ದಳು! ನಾನು ಕಲಿಸಿದ್ದನ್ನು ಅಷ್ಟು ಚೆನ್ನಾಗಿ ಕಲಿತಿದ್ದಳು. ನನ್ನ ಅತ್ತೆ ನನಗೆ ಕಲಿಸಿದ್ದನ್ನೇ ನಾನು ಇವಳಿಗೆ ಕಲಿಸಿದ್ದೆ. ಒಂದು ದಿನವೂ ಯೋಚಿಸದೆ.

"ಏನಿಲ್ಲಪ್ಪಾ... ತಟ್ಟಿ ತೊಳಿಯಾಕ ಬಂದಿದ್ನಿ," ಅಂದು ತಿರುಗಿದಳು.

ನಮ್ಮವರ ಕೈ ರೊಟ್ಟಿಯ ಮೇಲೇ ನಿಂತಿತ್ತು.

"ಶಮೀಮಾ."

"ಆಂ?"

"ಉಂಡಿಲ್ಲೇನ ನೀ?"

ಹೀಗೆ ಯಾವ ಅಪ್ಪನೂ ರಂಜಾನಿನಲ್ಲಿ ಮಗಳನ್ನು ಕೇಳುವುದಿಲ್ಲ. ಅವಳ ಮುಖ ಕೆಂಪಗಾಯಿತು. ನನ್ನನ್ನು ನೋಡಿದಳು. ನಾನು ಒಲೆಯ ಕಡೆ ತಿರುಗಿ ನಿಂತೆ.

"ಇಲ್ಲಪ್ಪಾ," ಅಂದಳು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ.

ಅವರು ಗೋಡೆ ಹಿಡಿದು ಎದ್ದರು. ಎಡಗೈಯಲ್ಲಿ ತಟ್ಟೆ ಎತ್ತಿಕೊಂಡರು. ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು. ನಾನು ಹಿಡಿಯಲು ಹೋದೆ, ಬೇಡವೆಂದು ತಲೆಯಾಡಿಸಿದರು. ಬಾಗಿಲನ್ನು ಕಾಲಿನಿಂದ ತಳ್ಳಿ ಪಡಸಾಲೆಗೆ ಹೋದರು. ಓಣಿಯತ್ತ ಇರುವ ಮುಂಬಾಗಿಲು ಪೂರ್ತಿ ತೆರೆದಿತ್ತು. ಅದರ ಎದುರೇ, ನಟ್ಟನಡುವೆ, ಚಾಪೆಯ ಮೇಲೆ ಕುಳಿತರು.

"ಬಾ. ನಿನ್ನ ತಟ್ಟಿನೂ ತಾ. ಇಲ್ಲೆ ಉಣ್ಣು."

"ಅಪ್ಪಾ, ಮಂದಿ..."

"ಗೊತ್ತೈತಿ. ಬಾ."

ಜೊಹರ್ ನಮಾಜು ಬಿಟ್ಟ ಹೊತ್ತು ಅದು. ಮಸೀದಿಯಿಂದ ಗಂಡಸರು ಓಣಿಯಲ್ಲಿ ಬರುತ್ತಿದ್ದರು. ಶಮೀಮ ಅಪ್ಪನ ಪಕ್ಕ ಕುಳಿತಳು, ತಲೆ ತಗ್ಗಿಸಿ, ಓಢಣಿಯನ್ನು ಹಣೆಯವರೆಗೆ ಎಳೆದುಕೊಂಡು. ನಾನು ಅವಳಿಗೆ ಬಡಿಸಿದೆ. ನಾನು ರೋಜಾದಲ್ಲಿದ್ದೆ. ಮೊದಲು ಬಂದವರು ಇಬ್ಬರು ನೋಡಿ, ನೋಡದವರಂತೆ ಹೋದರು. ಮೂರನೆಯವರು ಭಾವನವರು. ಆಸ್ಪತ್ರೆಯ ಜಗಳದ ನಂತರ ಮೊದಲ ಸಲ ಮನೆ ಕಡೆ ಬರುತ್ತಿದ್ದರು. ಹೊಸ್ತಿಲಲ್ಲಿ ನಿಂತರು. ತಮ್ಮನ ತಟ್ಟೆ ನೋಡಿದರು. ಮಗಳ ತಟ್ಟೆ ನೋಡಿದರು. ಮುಖ ಕಪ್ಪಿಟ್ಟಿತು.

"ಏನಿದು ದಾವಲ? ಬಾಗ್ಲಾ ತಗದು?"

ನಮ್ಮವರ ಗಂಟಲಲ್ಲಿ ತುತ್ತು ನಿಂತದ್ದು ನನಗೆ ಕಾಣುತ್ತಿತ್ತು. ಅಣ್ಣನ ಎದುರು ಜೀವಮಾನದಲ್ಲಿ ಎದುರಾಡಿದವರಲ್ಲ. ಒಂದು ಕ್ಷಣ ತಟ್ಟೆ ಹಿಂದಕ್ಕೆ ಸರಿದೀತು ಎಂದುಕೊಂಡೆ. ಸರಿಯಲಿಲ್ಲ. ತುತ್ತು ನುಂಗಿದರು.

"ಉಣ್ಣಾಕತ್ತೇನಿ ಅಣ್ಣಾ. ನನಗ ಬಿಡುವು ಐತಿ," ಅಂದರು. ಸ್ವಲ್ಪ ತಡೆದು, ಮಗಳ ಕಡೆ ನೋಡದೆಯೇ, "ಇಕಿಗೂ ಐತಿ," ಅಂದರು.

ಶಮೀಮ ಕೆಳಗೆ ನೋಡುತ್ತಲೇ ಅಪ್ಪನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಅವರ ರೊಟ್ಟಿ ಮುರಿದಳು. ಕಟಕಟಿ ರೊಟ್ಟಿ. ಓಣಿಗೆಲ್ಲ ಕೇಳಿಸುವಷ್ಟು ಸಪ್ಪಳವಾಯಿತು.

ಭಾವನವರು ಒಳಗೆ ಬರಲಿಲ್ಲ. ಹೋಗಲೂ ಇಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ನಾನು ಅಡುಗೆಮನೆಗೆ ಹೋಗಿ, ಯಾರಿಗೂ ಕೇಳದ ಹಾಗೆ ಅಲ್ಲಾಹನನ್ನು ನೆನೆದು ಅಲ್‌ಹಮ್ದುಲಿಲ್ಲಾಹ್ ಅಂದೆ. ಇನ್ನೆರಡು ರೊಟ್ಟಿ ತೆಗೆದುಕೊಂಡು ಹೊರಗೆ ಬಂದೆ.